ಗೋದಿಯ ಒಡಲ ಸಾಲುಗಳು

ನಾಯಿಯ ಹೊಟ್ಟೆಯೊಳಗೆ ನಡೆಯುವುದನ್ನು ಪುಸ್ತಕದ ಪುಟದಂತೆ ಓದಲು ಬಂದರೆ ಹೇಗಿದ್ದೀತು? ಇದನ್ನು ಮೊದಲು ಕೇಳಿದವರು ವಿಜ್ಞಾನಿಗಳಲ್ಲ. ಧಾರವಾಡದ ಒಂದು ಬ್ರೈಲ್ ಮುದ್ರಣಾಲಯದಲ್ಲಿ ಹತ್ತೊಂಬತ್ತು ವರ್ಷಗಳಿಂದ ಕರಡು ತಿದ್ದುತ್ತಿದ್ದ ನೀಲಾಂಬಿಕೆ ಹಂಚಿನಾಳ ಎಂಬ ಹೆಂಗಸು.

ಆರನೆಯ ವಯಸ್ಸಿನಲ್ಲಿ ಜ್ವರ ಬಂದು ಅವಳ ಕಣ್ಣು ಹೋಗಿತ್ತು. ಈಗ ನಲವತ್ತೊಂದು. ಅವಳ ಮೇಜಿನ ಮೇಲೆ ಹತ್ತು ಸಾವಿರ ಸಣ್ಣ ಮೊಳೆಗಳಿದ್ದ ಒಂದು ಹಲಗೆ ಇತ್ತು. ಕಂಪ್ಯೂಟರಿನಿಂದ ಪುಟ ಬಂದೊಡನೆ ಬೇಕಾದ ಮೊಳೆಗಳು ಮೇಲೆದ್ದು ಚುಕ್ಕಿಗಳಾಗುತ್ತಿದ್ದವು. ಅವಳು ಬೆರಳಾಡಿಸಿ ತಪ್ಪು ಹುಡುಕುತ್ತಿದ್ದಳು. ಪುಟ ಮುಗಿದಾಗ ಎಲ್ಲ ಮೊಳೆಗಳೂ ಒಟ್ಟಿಗೆ ಇಳಿದು ಹಲಗೆ ನಿಂತ ನೀರಿನಂತೆ ಸಮವಾಗುತ್ತಿತ್ತು. ಆ ಒಂದು ಕ್ಷಣ ಅವಳಿಗೆ ಬಹಳ ಇಷ್ಟ.

ಮನೆಯಿಂದ ಮುದ್ರಣಾಲಯಕ್ಕೆ ಅವಳನ್ನು ಕರೆದುಕೊಂಡು ಹೋಗುತ್ತಿದ್ದದ್ದು ಒಂದು ಹೆಣ್ಣು ನಾಯಿ. ಕುರುಡರಿಗೆ ದಾರಿ ತೋರಿಸುವ ನಾಯಿಗಳನ್ನು ತರಬೇತು ಮಾಡುವ ಶಾಲೆಯವರು ನಾಲ್ಕು ವರ್ಷಗಳ ಹಿಂದೆ ಕೊಟ್ಟದ್ದು. ಕೆಲಸದಲ್ಲಿದ್ದಾಗ ಬೊಗಳಬಾರದೆಂದು ಅದಕ್ಕೆ ಕಲಿಸಿದ್ದರು. ಅವರು ಇಟ್ಟ ಹೆಸರು ಗೋಲ್ಡಿ. ರೈಲ್ವೆಯಿಂದ ನಿವೃತ್ತನಾಗಿ ಅವಳ ಜೊತೆಗೇ ಇದ್ದ ಚಿಕ್ಕಪ್ಪ ಮಡಿವಾಳಪ್ಪ ಕಾಕಾ ಮೊದಲ ದಿನವೇ ಅದನ್ನು ಗೋದಿ ಎಂದು ಕೇಳಿಸಿಕೊಂಡಿದ್ದ. "ಹೆಸರು ಚಲೋ ಐತಿ ನೀಲವ್ವ, ಮೈಬಣ್ಣಾನೂ ಗೋದಿದs" ಎಂದಿದ್ದ. ಬಣ್ಣದ ನೆನಪು ಅವಳಿಗೆ ಸ್ವಲ್ಪ ಉಳಿದಿತ್ತು. ಗೋದಿಯ ಬಣ್ಣ ಆ ಉಳಿದವುಗಳಲ್ಲಿ ಒಂದಾಗಿತ್ತು.

ಮಾರ್ಚಿನಲ್ಲಿ ಗೋದಿಗೆ ಭೇದಿ ಶುರುವಾಯಿತು. ಎರಡು ದಿನ ಬಿಟ್ಟು ಮತ್ತೆ ಬಂತು, ಮತ್ತೆ ಬಿಟ್ಟಿತು. ಬೆಳಿಗ್ಗೆ ಹಳದಿ ನೊರೆ ಕಾರುತ್ತಿತ್ತು ಎಂದು ಕಾಕಾ ಹೇಳಿದ. ಮೇ ಬರುವ ಹೊತ್ತಿಗೆ ನೀಲಾಂಬಿಕೆ ದಾರಿ ನಡೆಯುವಾಗ ಹಿಡಿಯಲು ಗೋದಿಯ ಮೈಗೆ ಕಟ್ಟುವ ಹಿಡಿಪಟ್ಟಿಯ ಬೆಲ್ಟನ್ನು ಎರಡು ತೂತು ಒಳಗೆ ಎಳೆದು ಕಟ್ಟಬೇಕಾಯಿತು. ಕೈ ಸವರಿದರೆ ಪಕ್ಕೆಲುಬುಗಳು ಒಂದೊಂದಾಗಿ ಸಿಗುತ್ತಿದ್ದವು.

ಸವದತ್ತಿ ರಸ್ತೆಯ ಪಶು ಸಂಶೋಧನಾ ಆಸ್ಪತ್ರೆಯಲ್ಲಿ ಡಾಕ್ಟರ್ ರುಬಿನಾ ನದಾಫ್ ಎಂಬಾಕೆ ಗೋದಿಯನ್ನು ನೋಡಿದಳು. ಮಾತು ಕಡಿಮೆ, ಕೈ ಬೆಚ್ಚಗೆ. ಮಲ, ರಕ್ತ, ಹೊಟ್ಟೆಯ ಸ್ಕ್ಯಾನ್ ಎಲ್ಲ ಮುಗಿಸಿ ಒಂದು ವಾರದ ಮೇಲೆ ನೀಲಾಂಬಿಕೆಯನ್ನು ಕೂಡಿಸಿಕೊಂಡು ಹೇಳಿದಳು.

"ಹುಳ ಇಲ್ರಿ ಅಕ್ಕಾರ. ಮೇದೋಜೀರಕ ಸರಿ ಐತಿ. ಮೂತ್ರಪಿಂಡದ ಮ್ಯಾಲಿನ ಗ್ರಂಥೀನೂ ಸರಿ ಐತಿ. ಆದ್ರ ರಕ್ತದಾಗ ಬಿ-ಹನ್ನೆರಡು ಭಾಳ ಕಡಿಮಿ, ಪ್ರೋಟೀನೂ ಇಳಿಯಾಕತ್ತೈತಿ. ತಿಂದದ್ದು ಮೈಗೆ ಹತ್ತವಲ್ದು, ಮೈಯಾಗ ಇದ್ದದ್ದು ಕರುಳಿನಿಂದ ಸೋರಿ ಹೋಗಾಕತ್ತೈತಿ."

"ಯಾಕ್ರಿ ಹಂಗ?"

"ಕರುಳಿನ ಗ್ವಾಡಿಗೆ ಕಾವಲುಗಾರರು ಇರ್ತಾರ್ರಿ, ಸಣ್ಣ ಸಣ್ಣ ಕೋಶಗಳು. ಹೊರಗಿನ ಕಳ್ಳರನ್ನ ಹಿಡಿಯೂದು ಅವರ ಕೆಲಸ. ಇಕಿ ಹೊಟ್ಟ್ಯಾಗ ಅವರಿಗೆ ಗುರುತು ತಪ್ಪೈತಿ. ಉಣ್ಣೂ ಕೂಳನ್ನೂ ಕಳ್ಳ ಅಂತಾರ, ಅಲ್ಲೇ ಬಾಳ್ವೆ ಮಾಡೂ ಒಳ್ಳೆ ಸೂಕ್ಷ್ಮಜೀವಿನೂ ಕಳ್ಳ ಅಂತಾರ. ದಿನಾ ಜಗಳ. ಆ ಜಗಳಕ್ಕ ಗ್ವಾಡಿನೇ ಬಾತು ನಿಂತೈತಿ."

ಇದು ಪೂರ್ತಿ ವಾಸಿಯಾಗುವ ಬೇನೆಯಲ್ಲ, ಹದದಲ್ಲಿ ಇಡಬಹುದಷ್ಟೇ ಎಂದು ರುಬಿನಾ ಮುಚ್ಚಿಡದೆ ಹೇಳಿದಳು. ಮೊದಲು ಊಟ ಬದಲಿಸಬೇಕು. ಈವರೆಗೆ ಆ ಹೊಟ್ಟೆ ಕಂಡಿರದ ಊಟವಾಗಬೇಕು. ಕೋಳಿ, ಹಾಲು, ರೊಟ್ಟಿಯ ಚೂರು, ಬಿಸ್ಕತ್ತು ಯಾವುದೂ ಕೂಡದು.

"ಗೋದಿಗೆ ಗೋದಿನೂ ಬ್ಯಾಡ್ರಿ" ಎಂದಳು. ಆ ದಿನ ಇಬ್ಬರೂ ನಕ್ಕದ್ದು ಅದೊಂದೇ ಸಲ.

ಬರೆದುಕೊಟ್ಟದ್ದು ಬೇಯಿಸಿದ ಮೀನು ಮತ್ತು ಗೆಣಸು. ಮಡಿವಾಳಪ್ಪ ಕಾಕಾ ದಿನಕ್ಕೆ ಮೂರು ಸಲ ಲಿಂಗಪೂಜೆ ಮಾಡುವ ಮನುಷ್ಯ. ಹುಟ್ಟಿದಾಗಿನಿಂದ ಮೊಟ್ಟೆಯನ್ನೂ ಮುಟ್ಟಿರಲಿಲ್ಲ. ಬಂಗಡೆ ಮೀನಿನ ಹೆಸರು ಕೇಳಿ ಅರ್ಧ ಗಂಟೆ ದೇವರ ಮುಂದೆ ಕುಳಿತ. ಆಮೇಲೆ ಹಿತ್ತಲಲ್ಲಿ ಮೂರು ಕಲ್ಲು ಹೂಡುವ ಸದ್ದು ಕೇಳಿಸಿತು.

"ಕಾಕಾ, ನಾನs ಕುದಿಸ್ತೀನಿ ಬಿಡು."

"ನೀ ಕೈ ಸುಟ್ಕೊಂಡ್ರ ಪುಸ್ತಕಾ ಯಾರು ಓದ್ತಾರ? ದೇವರಿಗೆ ನಾ ಹೇಳೇನಿ. ಒಲಿ ಬ್ಯಾರೆ, ಭಾಂಡೆ ಬ್ಯಾರೆ, ಹಿತ್ತಲಾನೂ ಬ್ಯಾರೆ."

ಮೂಗಿಗೆ ಟವೆಲ್ ಬಿಗಿದುಕೊಂಡು ಆತ ಮೀನು ಕುದಿಸಿದ. ಮುಳ್ಳುಗಳನ್ನು ಒಂದೊಂದಾಗಿ ಆಯ್ದು ತೆಗೆದ. ಗೋದಿ ತಟ್ಟೆ ನೆಕ್ಕಿ ಬರಿದು ಮಾಡುವವರೆಗೂ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕುಳಿತಿದ್ದು, ಆಮೇಲೆ ಸ್ನಾನಕ್ಕೆ ಹೋದ. ಅಂದಿನಿಂದ ಅದು ಆ ಮನೆಯ ನಿತ್ಯದ ಕೆಲಸವಾಯಿತು.

ಮೂರು ವಾರದಲ್ಲಿ ಗೋದಿ ಸ್ವಲ್ಪ ಚೇತರಿಸಿತು. ಭೇದಿ ಕಡಿಮೆಯಾಯಿತು, ಆದರೆ ನಿಲ್ಲಲಿಲ್ಲ. ರುಬಿನಾ ಅದರ ಬಾಯಿಯಿಂದ ಒಂದು ಸಲ, ಹಿಂದಿನಿಂದ ಒಂದು ಸಲ ಕೊಳವೆ ಇಳಿಸಿ ಕರುಳಿನ ಚೂರು ತೆಗೆದು ಪರೀಕ್ಷಿಸಿದಳು. ಎರಡೂ ತುದಿಗಳಲ್ಲಿ ಬಾವು ಇತ್ತು. ಆದರೆ ಕೆಟ್ಟದ್ದು ಇರುವುದು ಕೊಳವೆ ಮುಟ್ಟದ ನಡುಭಾಗದಲ್ಲಿ ಎಂದು ಅವಳಿಗೆ ಅನಿಸಿತ್ತು. ಬಾವು ಇಳಿಸುವ ಸ್ಟೆರಾಯ್ಡ್ ಮಾತ್ರೆ ಕೊಟ್ಟಳು. ಅದು ಇಡೀ ಮೈಗೆ ಹರಡುವ ಔಷಧ. ಗೋದಿಗೆ ನೀರಡಿಕೆ ಹೆಚ್ಚಿ ಬಕೆಟ್ಟುಗಟ್ಟಲೆ ಕುಡಿಯುತ್ತಿತ್ತು, ನಿಂತಲ್ಲೇ ತೇಕುತ್ತಿತ್ತು, ಹಿಂಗಾಲಿನ ಸ್ನಾಯು ಕರಗತೊಡಗಿತು. ಪ್ರೋಟೀನ್ ಮಾತ್ರ ಏರಲಿಲ್ಲ.

ಆಗಲೇ ಶಾಲೆಯಿಂದ ಪತ್ರ ಬಂತು. ಆರು ತಿಂಗಳಲ್ಲಿ ಗುಣವಾಗದಿದ್ದರೆ ನಿಯಮದ ಪ್ರಕಾರ ನಾಯಿಯನ್ನು ಕೆಲಸದಿಂದ ಬಿಡಿಸಲಾಗುವುದು, ನಿಮಗೆ ಬೇರೆ ನಾಯಿ ಕೊಡಲಾಗುವುದು ಎಂದಿತ್ತು. ನೀಲಾಂಬಿಕೆ ಫೋನಿನಲ್ಲಿ ಅದನ್ನು ಓದಿಸಿ ಕೇಳಿದಳು. ಬಿಡಿಸಿದ ಮೇಲೆ ನಾಯಿ ಎಲ್ಲಿಗೆ ಹೋಗುತ್ತದೆ ಎಂಬುದು ಪತ್ರದಲ್ಲಿ ಇರಲಿಲ್ಲ.

ಹೀಗಿರುವಾಗ ಆಸ್ಪತ್ರೆಯಲ್ಲಿ ಕಾಳುಗಳ ಪ್ರಯೋಗ ನಡೆದಿತ್ತು. ಜೋಳದ ಕಾಳಿನಷ್ಟು ದೊಡ್ಡ ಯಂತ್ರಗಳವು. ನಾಯಿ ಹನ್ನೆರಡು ಕಾಳುಗಳನ್ನು ಊಟದ ಜೊತೆ ನುಂಗಿದರೆ ಅವು ಕರುಳಿನುದ್ದಕ್ಕೂ ಸಾಲಾಗಿ ಸಾಗುತ್ತ, ಹೋದಹೋದಲ್ಲಿ ಬಿಸಿ ಎಷ್ಟು, ಹುಳಿ ಎಷ್ಟು, ಗೋಡೆ ಹೇಗೆ ಹಿಂಡುತ್ತಿದೆ ಎಂದು ತಿಳಿಸುತ್ತಿದ್ದವು. ಹೊಟ್ಟೆಗೆ ಕಟ್ಟಿದ ಒಂದು ಪಟ್ಟಿ ಅದನ್ನು ಕೇಳಿಸಿಕೊಂಡು ಕಂಪ್ಯೂಟರಿಗೆ ಕಳುಹಿಸುತ್ತಿತ್ತು. ಇನ್ನೊಂದು ಬಗೆಯ ಕಾಳುಗಳಲ್ಲಿ ಔಷಧ ಇರುತ್ತಿತ್ತು. ಹೊರಗಿನಿಂದ ಸಂಕೇತ ಕೊಟ್ಟರೆ ಅವು ಇದ್ದಲ್ಲೇ ಒಡೆದು, ಬೇನೆಯ ಜಾಗದ ಮೇಲೇ ಔಷಧ ಸುರಿಸುತ್ತಿದ್ದವು. ಇಡೀ ಮೈಗೆ ವಿಷ ಹತ್ತಿಸಬೇಕಾಗಿರಲಿಲ್ಲ.

ತೊಂದರೆ ಇದ್ದದ್ದು ಒಂದೇ ಕಡೆ. ಸಂಕೇತವನ್ನು ಯಾವಾಗ ಕೊಡಬೇಕು? ಬಾವು ಏಳಲು ಶುರುವಾಗುವ ಆ ಐದಾರು ನಿಮಿಷದಲ್ಲಿ ಕೊಟ್ಟರಷ್ಟೇ ಔಷಧ ಗೋಡೆಗೆ ಇಳಿಯುತ್ತಿತ್ತು. ತಡವಾದರೆ ಲೋಳೆ ಮುಚ್ಚಿಕೊಂಡು ಎಲ್ಲ ಜಾರಿ ಹೋಗುತ್ತಿತ್ತು. ಆದರೆ ಕಂಪ್ಯೂಟರಿಗೆ ಊಟ ಅರಗುವ ಸಾಮಾನ್ಯ ಕಲಕುವಿಕೆಯೂ ಬೇನೆಯ ಮೊದಲ ನಡುಕವೂ ಒಂದೇ ತರಹ ಕಾಣುತ್ತಿದ್ದವು. ದಿನಕ್ಕೆ ನಲವತ್ತು ಸಲ ಸುಳ್ಳು ಗಂಟೆ ಹೊಡೆಯುತ್ತಿತ್ತು.

ಗೋದಿಗೆ ಕಾಳು ನುಂಗಿಸಿದ ದಿನ ರುಬಿನಾ ತೆರೆಯ ಮೇಲೆ ಓಡುತ್ತಿದ್ದ ಬಣ್ಣಗಳನ್ನು ಬಾಯಿಮಾತಿನಲ್ಲಿ ವಿವರಿಸಲು ನೋಡಿದಳು. ಅಲ್ಲಿ ಕೆಂಪು, ಇಲ್ಲಿ ನೀಲಿ, ಈಗ ಹಸಿರು ಎನ್ನುತ್ತ ನಿಂತುಬಿಟ್ಟಳು.

"ಅಕ್ಕಾರ, ಹೇಳಾಕ ಬರವಲ್ದು. ಭಾಳ ಜೋರು ಓಡ್ತಾವು."

ಬೆಂಚಿನ ಮೇಲೆ ಕುಳಿತಿದ್ದ ನೀಲಾಂಬಿಕೆ ಗೋದಿಯ ತಲೆಯ ಮೇಲೆ ಕೈ ಇಟ್ಟುಕೊಂಡೇ ಕೇಳಿದಳು. "ನನ್ನ ಹಲಗಿಗೆ ಇದನ್ನ ಕೂಡಿಸಾಕ ಬರ್ತೈತೇನ್ರಿ? ಬಣ್ಣ ಬ್ಯಾಡ, ಚುಕ್ಕಿ ಎಬ್ಬಿಸ್ರಿ. ಬಿಸಿ ಇದ್ದಲ್ಲಿ ಎತ್ತರ, ತಣ್ಣಗಿದ್ದಲ್ಲಿ ಗಿಡ್ಡ."

ಅಲ್ಲಿನ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದ ವಿಶ್ವಂಭರ ಕುಲಕರ್ಣಿ ಎಂಬ ಹಿರಿಯರು ಮೂಲೆಯಿಂದ ತಲೆಯೆತ್ತಿದರು. "ಯಾಕ ಬರೂದಿಲ್ಲ? ಎರಡು ದಿವಸ ಕೊಡ್ರಿ" ಎಂದರು.

ಮುದ್ರಣಾಲಯದವರು ಒಂದು ಹಳೆಯ ಹಲಗೆ ಕೊಟ್ಟರು. ಮೂರನೆಯ ದಿನ ಮಧ್ಯಾಹ್ನ ಅದನ್ನು ಪ್ರಯೋಗಶಾಲೆಯ ಕಿಟಕಿಯ ಬದಿಯ ಮೇಜಿನ ಮೇಲೆ ಇಟ್ಟರು. ಗೋದಿ ನೀಲಾಂಬಿಕೆಯ ಪಾದದ ಮೇಲೆ ಗದ್ದ ಊರಿ ಮಲಗಿತು. ಅವಳು ಎರಡೂ ಅಂಗೈಗಳನ್ನು ಹಲಗೆಯ ಮೇಲೆ ಬಿಟ್ಟಳು.

ಮೊದಲಿಗೆ ಏನೂ ಇರಲಿಲ್ಲ. ಆಮೇಲೆ ಎಡಗೈಯ ಕಿರುಬೆರಳಿನ ಹತ್ತಿರ ಒಂದು ಸಾಲು ಎದ್ದಿತು. ಎದ್ದದ್ದು ನಿಲ್ಲದೆ ಪಕ್ಕದ ಸಾಲಿಗೆ ದಾಟಿ, ಅಲ್ಲಿಂದ ಮುಂದಿನದಕ್ಕೆ ದಾಟಿ, ಅವಳ ಹತ್ತೂ ಬೆರಳುಗಳ ಕೆಳಗೆ ಹಾದು ಬಲಗೈಯ ಕಿರುಬೆರಳಿನ ಆಚೆ ಇಳಿದು ಹೋಯಿತು. ಇನ್ನೊಂದು ಬಂತು. ಮತ್ತೊಂದು. ಗಾಳಿ ಬಿಟ್ಟಾಗ ತೆನೆ ತುಂಬಿದ ಹೊಲ ಒಂದು ಬದಿಯಿಂದ ಬಾಗಿ ಏಳುವುದನ್ನು ಅವಳು ಆರು ತುಂಬುವ ಮೊದಲು ನೋಡಿದ್ದಳು. ಮೂವತ್ತೈದು ವರ್ಷ ಅದು ಎಲ್ಲಿತ್ತೋ ಏನೋ. ಈಗ ಕೈಯಡಿಯಲ್ಲಿ ಬಂದು ಬಾಗುತ್ತಿತ್ತು.

"ಏನ್ ಸಿಗಾಕತ್ತೈತ್ರಿ?" ರುಬಿನಾ ಮೆಲ್ಲಗೆ ಕೇಳಿದಳು.

"ತಡೀರಿ" ಎಂದಳು ನೀಲಾಂಬಿಕೆ.

ಅಂದಿನಿಂದ ಮಧ್ಯಾಹ್ನದ ಎರಡು ಗಂಟೆ ಅವಳು ಅಲ್ಲೇ ಕಳೆದಳು. ಜೂನ್ ಕಳೆದು ಜುಲೈ ಬಂತು. ಕಿಟಕಿಯಾಚೆ ದನಗಳ ಕೊರಳಗಂಟೆ, ದೂರದಲ್ಲಿ ಯಾರೋ ಹುಲ್ಲು ಕೊಯ್ಯುವ ಸದ್ದು, ಪಾದದ ಮೇಲೆ ಗೋದಿಯ ಉಸಿರು. ಅಂಗೈಯೊಳಗೆ ಆ ಇನ್ನೊಂದು ನಾಡು ಹರಿಯುತ್ತಿತ್ತು. ಊಟವಾದ ಹೊಸದರಲ್ಲಿ ಅಲೆಗಳು ದಟ್ಟ, ಗಿಡ್ಡ. ನಿದ್ದೆ ಬಂದಾಗ ದೀರ್ಘ, ಸೋಮಾರಿ. ಗೋದಿ ಕನಸು ಕಂಡು ಕಾಲು ಒದರುವಾಗ ಅಲ್ಲೊಂದು ಇಲ್ಲೊಂದು ಚುಕ್ಕಿ ಪುಟಿದು ಮಾಯವಾಗುತ್ತಿತ್ತು. ಕೆಲವೊಮ್ಮೆ ನೀಲಾಂಬಿಕೆಗೂ ಕಣ್ಣು ಎಳೆಯುತ್ತಿತ್ತು. ಆಗ ಕೈ ತನ್ನದೋ, ಕರುಳು ತನ್ನದೋ, ಗೋದಿಯದೋ ತಿಳಿಯುತ್ತಿರಲಿಲ್ಲ. ಎಚ್ಚರಾದಾಗ ಕೈ ಇನ್ನೂ ಓದುತ್ತಲೇ ಇರುತ್ತಿತ್ತು.

ಹನ್ನೊಂದನೆಯ ದಿನ ಅವಳಿಗೆ ತಪ್ಪು ಸಿಕ್ಕಿತು.

ಹಲಗೆಯ ನಡುವೆ, ಬಲಗೈಯ ತೋರುಬೆರಳಿನ ಕೆಳಗೆ, ಒಂದು ಅಲೆ ಬಂದು ಎಡವಿತು. ಅಲ್ಲಿ ಒಂದೇ ಸಾಲು ಎರಡು ಸಲ ಎದ್ದು, ಆಮೇಲೆ ಮುಂದೆ ಹೋಯಿತು. ಕರಡಿನಲ್ಲಿ ಅಕ್ಷರ ಎರಡು ಸಲ ಬಿದ್ದ ಹಾಗೆ. ಕಂಪ್ಯೂಟರು ಅದನ್ನು ಗಮನಿಸಲೇ ಇಲ್ಲ. ನಲವತ್ತು ನಿಮಿಷದ ಮೇಲೆ ಅದೇ ಜಾಗದಲ್ಲಿ ಮೊಳೆಗಳು ಒಟ್ಟಾಗಿ ಎತ್ತರಕ್ಕೆ ಎದ್ದು ನಿಂತವು. ಗೋದಿ ನಿದ್ದೆಯಿಂದ ಎದ್ದು ಬೆನ್ನು ಬಗ್ಗಿಸಿ ನರಳಿತು.

"ಡಾಕ್ಟರ್, ಇಲ್ಲೆ. ಈ ಬೆರಳಿನ ಕೆಳಗ. ಬ್ಯಾನಿ ಏಳೂದಕ್ಕಿಂತ ಮೊದಲ ಇಲ್ಲೆ ಸಾಲು ಇಮ್ಮಡಿ ಆಗ್ತೈತಿ."

ಕೊಳವೆ ಮುಟ್ಟದ ನಡುಗರುಳಿನ ಜಾಗವೇ ಅದು. ಹಳೆಯ ದಾಖಲೆಯನ್ನು ಹಲಗೆಯ ಮೇಲೆ ಮತ್ತೆ ಓಡಿಸಿದರು. ಹದಿನಾಲ್ಕು ಸಲ ಬೇನೆ ಎದ್ದಿತ್ತು. ಹದಿನಾಲ್ಕು ಸಲವೂ ಮೊದಲು ಆ ಇಮ್ಮಡಿ ಸಾಲು ಇತ್ತು. ಕುಲಕರ್ಣಿಯವರು ಕನ್ನಡಕ ತೆಗೆದು ಒರೆಸಿಕೊಂಡರು. ಹತ್ತು ವರ್ಷ ಈ ಕೆಲಸ ಮಾಡಿದರೂ ಇದು ತಮಗೆ ಕಂಡಿರಲಿಲ್ಲ ಎಂದರು.

ಇಮ್ಮಡಿ ಸಾಲು ಏಕೆ ಬರುತ್ತದೆ? ಔಷಧದ ಕಾಳುಗಳು ಕೆಲವೇ ಇದ್ದವು, ಕಾರಣ ತಿಳಿಯದೆ ಅವನ್ನು ಒಡೆಯಲು ರುಬಿನಾ ಒಪ್ಪಲಿಲ್ಲ. ಅದನ್ನು ತಿಳಿಯಲು ಕುಲಕರ್ಣಿಯವರು ಕೈಗೆ ಕಟ್ಟಿಕೊಳ್ಳುವ, ಅಂಥದೇ ಮೊಳೆಗಳಿದ್ದ ಒಂದು ಚಿಕ್ಕ ಪಟ್ಟಿ ಮಾಡಿಕೊಟ್ಟರು. ದಿನವಿಡೀ ಗೋದಿಯ ಕರುಳು ಅವಳ ಮಣಿಕಟ್ಟಿನ ಮೇಲೆ ಓಡುವಂತೆ. ಏನು ತಿಂದಾಗ, ಎಲ್ಲಿ ಇದ್ದಾಗ ಸಾಲು ಎಡವುತ್ತದೆ ಎಂದು ಗಮನಿಸಿ ಹೇಳಬೇಕು.

ಮರುದಿನ ಬೆಳಿಗ್ಗೆ ಅವಳು ಪಟ್ಟಿ ಕಟ್ಟಿಕೊಂಡು, ಗೋದಿಯ ಹಿಡಿಪಟ್ಟಿ ಹಿಡಿದು ಮುದ್ರಣಾಲಯಕ್ಕೆ ಹೊರಟಳು. ಕಿರಾಣಿ ಅಂಗಡಿ, ಹಿಟ್ಟಿನ ಗಿರಣಿ, ಬೇವಿನ ಮರ. ಅಲೆಗಳು ಸಲೀಸಾಗಿದ್ದವು. ಮೇಲ್ಸೇತುವೆಯ ಕೆಳಗಿನ ಸರ್ಕಲ್ ಬಂತು. ಎರಡು ವರ್ಷದ ಹಿಂದೆ ಅಲ್ಲಿ ಸದ್ದಿಲ್ಲದ ವಿದ್ಯುತ್ ಬಸ್ಸೊಂದು ತಿರುಗಿ ಅವಳ ಸೀರೆಯ ಸೆರಗು ಸವರಿಕೊಂಡು ಹೋಗಿತ್ತು. ಗೋದಿ ಹಿಂದಕ್ಕೆ ಎಳೆದದ್ದರಿಂದ ಉಳಿದಿದ್ದಳು. ಅಂದಿನಿಂದ ಆ ಜಾಗದಲ್ಲಿ ಅವಳ ಹಿಡಿ ತಾನಾಗಿ ಬಿಗಿಯುತ್ತಿತ್ತು, ಉಸಿರು ನಿಲ್ಲುತ್ತಿತ್ತು. ದಾಟಿದ ಮೇಲೆ ಅದನ್ನು ಮರೆಯುತ್ತಿದ್ದಳು.

ಈ ಬೆಳಿಗ್ಗೆಯೂ ಬಿಗಿಯಿತು. ಮಣಿಕಟ್ಟಿನ ಮೇಲೆ ಅಲೆ ನಿಂತುಹೋಯಿತು.

ಒಂದು ಮೊಳೆಯೂ ಅಲುಗಲಿಲ್ಲ. ಗೋದಿ ಮಾತ್ರ ಎಂದಿನ ಹಾಗೆ, ಭುಜ ನೆಟ್ಟಗೆ, ಹೆಜ್ಜೆ ತಪ್ಪದೆ ಅವಳನ್ನು ನಾಲ್ಕು ದಾರಿಯ ನಡುವಿನಿಂದ ದಾಟಿಸಿತು. ಆಚೆ ದಡದಲ್ಲಿ ಅಲೆ ಮತ್ತೆ ಶುರುವಾಯಿತು. ಮೊದಲ ಅಲೆಯೇ ನಡುವೆ ಎಡವಿತು. ಸಾಲು ಎರಡು ಸಲ ಎದ್ದಿತು.

ನೀಲಾಂಬಿಕೆ ಫುಟ್‌ಪಾತಿನ ಮೇಲೆ ನಿಂತುಬಿಟ್ಟಳು. ಗೋದಿ ತಿರುಗಿ ಅವಳ ಮೊಣಕಾಲಿಗೆ ಮೂಗು ತಾಗಿಸಿತು, ಏನಾಯಿತು ಎಂದು ಕೇಳುವ ಹಾಗೆ.

ಸಂಜೆ ಮರಳುವಾಗಲೂ ಹಾಗೇ ಆಯಿತು. ಮರುದಿನವೂ. ತನ್ನ ಅಂಜಿಕೆ ಕೈಯಿಂದ ಹಿಡಿಪಟ್ಟಿಗೆ, ಹಿಡಿಪಟ್ಟಿಯಿಂದ ನಾಯಿಯ ಬೆನ್ನಿಗೆ, ಅಲ್ಲಿಂದ ಕರುಳಿಗೆ ಇಳಿಯುತ್ತಿದೆ ಎಂಬುದು ಅವಳಿಗೆ ಖಚಿತವಾಯಿತು. ರುಬಿನಾ ಕೇಳಿದಾಗ "ಇನ್ನೂ ಏನೂ ಗೊತ್ತಾಗವಲ್ದು" ಎಂದಳು. ಹೇಳಿದರೆ ವೈದ್ಯಕೀಯ ವರದಿಯಲ್ಲಿ ಬರೆಯುತ್ತಾರೆ, ಶಾಲೆಯವರು ಓದುತ್ತಾರೆ, ಮರುವಾರ ಬಂದು ಗೋದಿಯನ್ನು ಕರೆದೊಯ್ಯುತ್ತಾರೆ. ಅಂಜುವುದನ್ನು ಬಿಟ್ಟರಾಯಿತು ಎಂದುಕೊಂಡಳು. ಸರ್ಕಲ್ಲಿಗೆ ಬಂದಾಗ ಹಾಡು ಗುನುಗಿದಳು, ಅಂಕಿ ಎಣಿಸಿದಳು, ಹಿಡಿ ಸಡಿಲ ಬಿಟ್ಟಳು. ಮೇಲಿನ ಕೈ ಸಡಿಲಾದರೂ ಒಳಗಿನದು ಬಿಗಿದೇ ಇರುತ್ತಿತ್ತು. ಗೋದಿಗೆ ಅದು ಗೊತ್ತಾಗುತ್ತಿತ್ತು.

ಒಂಬತ್ತು ದಿನ ಹೀಗೆ ಹೋಯಿತು.

ಹತ್ತನೆಯ ದಿನ ಬೆಳಿಗ್ಗೆ ಮೀನಿನ ತಟ್ಟೆ ಹಾಗೇ ಉಳಿಯಿತು. ಕಾಕಾ ಹಿತ್ತಲಿನಿಂದ ಕೂಗಿದ. "ನೀಲವ್ವ, ಬಾ ಇಲ್ಲೆ. ಇದರ ಹೊಟ್ಟಿ ನೋಡು. ಕೊಡದಂಗ ಆಗೈತಿ."

ಅವಳು ಮುಟ್ಟಿ ನೋಡಿದಳು. ಬೆನ್ನು ಮೂಳೆ, ಪಕ್ಕೆ ಮೂಳೆ, ಕೆಳಗೆ ಹೊಟ್ಟೆ ಮಾತ್ರ ಬಿಗಿದು ತುಂಬಿತ್ತು. ಬೆರಳು ತಟ್ಟಿದರೆ ನೀರು ತುಳುಕಿತು. ಹಿಂಗಾಲು ಊರಿ ನಿಲ್ಲಲು ಗೋದಿಗೆ ಆಗಲಿಲ್ಲ. ಆದರೂ ಹಿಡಿಪಟ್ಟಿಯ ಬಕಲ್ ಕಿಣಿ ಎಂದಾಗ ಏಳಲು ನೋಡಿತು.

ಆಟೋದಲ್ಲಿ ಆಸ್ಪತ್ರೆಗೆ ಹೋಗುವಷ್ಟೂ ದಾರಿ ಅದರ ತಲೆ ಕಾಕಾನ ತೊಡೆಯ ಮೇಲಿತ್ತು. ರಕ್ತದ ಪ್ರೋಟೀನ್ ತಳ ಮುಟ್ಟಿತ್ತು. ರಕ್ತನಾಳದಲ್ಲಿ ನೀರು ನಿಲ್ಲದೆ ಹೊಟ್ಟೆಗೆ ಒಸರುತ್ತಿತ್ತು. ರುಬಿನಾ ಸೂಜಿ ಚುಚ್ಚಿ ನೀರು ತೆಗೆಯುತ್ತಿರುವಾಗ ನೀಲಾಂಬಿಕೆ ಗೋಡೆಗೆ ಒರಗಿ ನಿಂತು ಎಲ್ಲ ಹೇಳಿದಳು. ಸರ್ಕಲ್ಲು, ಬಸ್ಸು, ಇಮ್ಮಡಿ ಸಾಲು, ಒಂಬತ್ತು ದಿನ.

"ನಾ ಸುಳ್ಳು ಹೇಳಿದ್ನಿರಿ. ಅಕಿ ನನ್ನ ಅಂಜಿಕಿ ಹೊಟ್ಟ್ಯಾಗ ಇಟ್ಕೊಂಡು ತಿರಗ್ಯಾಳ. ನಾ ಅಕಿನ್ನ ಬಿಟ್ಟಿರಾಕ ಆಗೂದಿಲ್ಲ ಅಂತ ಬಾಯಿ ಮುಚ್ಕೊಂಡು ಕುಂತೆ."

ರುಬಿನಾ ಸಿರಿಂಜು ಬದಿಗಿಟ್ಟು, ಕೈಗವಸು ತೆಗೆದು ಅವಳ ಹತ್ತಿರ ಬಂದಳು.

"ಬರೇ ಅಂಜಿಕಿಯಿಂದ ಈ ಬ್ಯಾನಿ ಹುಟ್ಟೂದಿಲ್ರಿ ಅಕ್ಕಾರ. ಕಾವಲುಗಾರರ ಗುರುತು ತಪ್ಪಿದ್ದು ಬ್ಯಾರೆ ಕಾರಣಕ್ಕ. ಅಂಜಿಕಿ ಆ ಉರಿಗೆ ಗಾಳಿ ಹಾಕೈತಿ, ಅಷ್ಟs. ಆದ್ರ ಒಂಬತ್ತು ದಿನ ಮೊದಲ ಹೇಳಿದ್ರ ಚಲೋ ಇತ್ತು." ಅವಳ ದನಿಯಲ್ಲಿ ಸಿಟ್ಟಿತ್ತು. ಅದನ್ನು ಅವಳು ಮುಚ್ಚಲಿಲ್ಲ. "ಈಗ ಹಲಗಿ ಮುಂದ ಕುಂದರ್ರಿ. ಔಷಧದ ಕಾಳು ಮೂರೇ ಅದಾವು. ಯಾವಾಗ ಒಡೀಬೇಕಂತ ನೀವs ಹೇಳ್ಬೇಕು. ನನಗ ತಿಳಿಯೂದಿಲ್ಲ, ಕಂಪ್ಯೂಟರಿಗೂ ತಿಳಿಯೂದಿಲ್ಲ."

ಗೋದಿಯನ್ನು ಕಿಟಕಿಯ ಬದಿಗೆ ಹಾಸಿದ ಕಂಬಳಿಯ ಮೇಲೆ ಮಲಗಿಸಿದರು. ಕಾಕಾ ಅದರ ಬಾಯಿ ತೆರೆದು ಗೆಣಸಿನ ಮುದ್ದೆಯಲ್ಲಿ ಕಾಳುಗಳನ್ನು ಇಟ್ಟು ನುಂಗಿಸಿದ. ಅವು ನಡುಗರುಳು ತಲುಪಲು ಮೂರು ತಾಸು ಬೇಕಾಯಿತು. ಮಧ್ಯಾಹ್ನದ ಬಿಸಿಲು ಹಲಗೆಯ ಮೇಲೆ ಬಿದ್ದು ಮೊಳೆಗಳು ಬೆಚ್ಚಗಾಗಿದ್ದವು. ಅಲೆಗಳು ಬಹಳ ಕ್ಷೀಣವಾಗಿದ್ದವು. ಎಷ್ಟೋ ಹೊತ್ತಿಗೆ ಒಂದು ಬರುತ್ತಿತ್ತು, ಅರ್ಧ ಹಲಗೆ ದಾಟಿ ಅಳಿದು ಹೋಗುತ್ತಿತ್ತು.

ಮೊದಲ ಸಲ ಸಾಲು ಎಡವಿತು ಅನಿಸಿ ಅವಳು "ಈಗ" ಎಂದಳು. ರುಬಿನಾ ಗುಂಡಿ ಒತ್ತಿದಳು. ಎಡವಿದ್ದು ಸಾಲಲ್ಲ, ತನ್ನ ಬೆರಳು ನಡುಗಿತ್ತು ಎಂದು ನೀಲಾಂಬಿಕೆಗೆ ಮರುಕ್ಷಣವೇ ತಿಳಿಯಿತು. ಒಂದು ಕಾಳು ವ್ಯರ್ಥವಾಯಿತು.

ಅವಳಿಗೆ ಕೈ ಎತ್ತಿಬಿಡಬೇಕು ಅನಿಸಿತು. ಆಗ ಕಾಕಾ ಕೆಳಗೆ ಕುಳಿತು ಗೋದಿಯ ಕಿವಿಯಲ್ಲಿ ಏನೋ ಹೇಳುತ್ತಿರುವುದು ಕೇಳಿಸಿತು. ತಾನು ರೈಲ್ವೆಯಲ್ಲಿದ್ದಾಗ ಯಾವ ಗಾಡಿ ಎಷ್ಟು ಹೊತ್ತಿಗೆ ಬರುತ್ತಿತ್ತು, ಯಾವ ಸ್ಟೇಷನ್ನಿನ ಚಹಾ ಹೇಗಿತ್ತು ಎಂದು ಸುಮ್ಮನೆ ಹೇಳುತ್ತ ಹೋಗುತ್ತಿದ್ದ. ಅಳ್ನಾವರ, ಲೋಂಡಾ, ಕ್ಯಾಸಲ್‌ರಾಕ್. ಹಸಿರು ಬಾವುಟ, ಕೆಂಪು ಬಾವುಟ. ಆ ಮಾತಿನ ಜಾಡಿನಲ್ಲಿ ಅವಳ ಉಸಿರು ಉದ್ದವಾಯಿತು. ಹೊಲ ಮತ್ತೆ ಕಾಣಿಸಿತು, ಗಾಳಿ ಇಲ್ಲದ ಹೊಲ, ದೂರದಲ್ಲಿ ಎಲ್ಲೋ ಒಂದು ತೆನೆ ಅಲುಗುವುದು. ಅವಳು ಏನನ್ನೂ ಹುಡುಕಲಿಲ್ಲ. ಕೈಗಳನ್ನು ಅಲ್ಲಿ ಇರಲು ಬಿಟ್ಟಳು.

ಅಲೆ ಬಂತು. ತೋರುಬೆರಳಿನ ಕೆಳಗೆ ಎರಡು ಸಲ ಎದ್ದಿತು.

"ಈಗ."

ಸ್ವಲ್ಪ ಹೊತ್ತಿಗೆ ಇನ್ನೊಂದು, ಒಂದಂಗುಲ ಆಚೆ. "ಈಗ."

ಆಮೇಲೆ ಕಾಯುವುದಷ್ಟೇ ಉಳಿಯಿತು. ಇಪ್ಪತ್ತು ನಿಮಿಷ, ಮೂವತ್ತು, ನಲವತ್ತು. ಮೊಳೆಗಳು ಎತ್ತರಕ್ಕೆ ಏಳಬೇಕಾದ ಹೊತ್ತು ಬಂದು, ಹಾಗೇ ದಾಟಿ ಹೋಯಿತು. ಐವತ್ತನೆಯ ನಿಮಿಷಕ್ಕೆ ಒಂದು ಅಲೆ ಎಡಗೈಯ ಕಿರುಬೆರಳಿನಿಂದ ಹೊರಟು, ನಡುವೆ ತಡೆಯದೆ, ಬಲಗೈಯ ಆಚೆಯವರೆಗೂ ಹೋಗಿ ಇಳಿಯಿತು. ನೀಲಾಂಬಿಕೆ ಮೇಜಿನ ಮೇಲೆ ಹಣೆ ಇಟ್ಟಳು.

ಒಂದೇ ದಿನದಲ್ಲಿ ಗೆದ್ದದ್ದಲ್ಲ ಅದು. ಹೊಸ ಕಾಳುಗಳನ್ನು ತರಿಸಿ ಆರು ವಾರ ಹೀಗೇ ಮಾಡಿದರು. ವಾರಕ್ಕೊಮ್ಮೆ ಬಿ-ಹನ್ನೆರಡರ ಸೂಜಿ, ದಿನಾ ಮೀನು ಗೆಣಸು. ಪ್ರೋಟೀನ್ ಹನಿಹನಿಯಾಗಿ ಏರಿತು. ಹೊಟ್ಟೆಯ ನೀರು ಇಳಿಯಿತು. ನೀಲಾಂಬಿಕೆಯ ಬೆರಳು ಗುರುತಿಸಿದ್ದನ್ನೆಲ್ಲ ಕುಲಕರ್ಣಿಯವರು ಕಂಪ್ಯೂಟರಿಗೆ ಕಲಿಸುತ್ತ ಹೋದರು. ಅಕ್ಟೋಬರಿನಲ್ಲಿ ಅದು ಮೊದಲ ಸಲ ಅವಳಿಗಿಂತ ಮುಂಚೆ ಇಮ್ಮಡಿ ಸಾಲನ್ನು ಹಿಡಿಯಿತು. ಹುಬ್ಬಳ್ಳಿ, ಗದಗ, ಬೆಳಗಾವಿಯಿಂದ ಇದೇ ಬೇನೆಯ ನಾಯಿಗಳು ಬರತೊಡಗಿದವು.

ಶಾಲೆಯವರಿಗೆ ಅವಳು ತಾನೇ ಫೋನು ಮಾಡಿದಳು. ಗೋದಿ ಗುಣವಾಗುತ್ತಿದೆ, ಆದರೆ ಇನ್ನು ದಾರಿ ತೋರಿಸುವ ಕೆಲಸ ಬೇಡ ಎಂದಳು. ಮನೆಯಲ್ಲಿ ನೋಡಿಕೊಳ್ಳುವವರು ಬೇರೆ ಯಾರಾದರೂ ಇದ್ದರೆ ನಿವೃತ್ತ ನಾಯಿಯನ್ನು ಅಲ್ಲೇ ಇಟ್ಟುಕೊಳ್ಳಬಹುದು ಎಂದು ಆಚೆಯವರು ಹೇಳಿದರು. ನಿಯಮ ಅಷ್ಟು ಸುಲಭದ್ದಿತ್ತು, ಅವಳು ಅದನ್ನು ಒಮ್ಮೆಯೂ ವಿಚಾರಿಸಿಯೇ ಇರಲಿಲ್ಲ. ಯಾರಿದ್ದಾರೆ ಎಂದು ಅವರು ಕೇಳಿದಾಗ ಕಾಕಾ ಫೋನು ಕಸಿದುಕೊಂಡು ತನ್ನ ಹೆಸರು, ವಯಸ್ಸು, ರೈಲ್ವೆಯಲ್ಲಿ ಎಷ್ಟು ವರ್ಷ ಇದ್ದೆ ಎಲ್ಲ ಹೇಳಿ, "ಮೀನಾ ನಾನs ಕುದಿಸ್ತೀನ್ರಿ" ಎಂದು ಮುಗಿಸಿದ.

ಬೇರೆ ನಾಯಿ ಬೇಡವೆಂದು ನೀಲಾಂಬಿಕೆ ಬಿಳಿ ಕೋಲು ತಂದಳು. ಮೊದಲ ದಿನ ಸರ್ಕಲ್ಲಿನಲ್ಲಿ ಇಪ್ಪತ್ತು ನಿಮಿಷ ನಿಂತಳು. ಈ ಅಂಜಿಕೆಯನ್ನು ಹೊರಲು ಈಗ ತನ್ನ ಹೊಟ್ಟೆಯೊಂದೇ ಇತ್ತು, ಅದು ಹೊತ್ತುಕೊಂಡಿತು. ಹೂ ಮಾರುವ ಹೆಂಗಸೊಬ್ಬಳು "ಬಾ ತಂಗಿ, ನಾನೂ ಆಕಡೇನ ಹೊಂಟೇನಿ" ಎಂದು ಕೈ ಹಿಡಿದಳು. ಎರಡನೆಯ ವಾರ ಒಬ್ಬಳೇ ದಾಟಿದಳು.

ನವೆಂಬರಿನ ಒಂದು ಭಾನುವಾರ ಬೆಳಿಗ್ಗೆ ಮೂವರೂ ಕೆಲಗೇರಿ ಕೆರೆಗೆ ಹೋದರು. ಗೋದಿಯ ಮೈ ತುಂಬಿತ್ತು. ಬೇನೆ ಮತ್ತೆ ಬರಬಹುದು, ಬಂದೇ ಬರುತ್ತದೆ ಎಂದು ರುಬಿನಾ ಹೇಳಿದ್ದಳು. ಆ ಬೆಳಿಗ್ಗೆ ಮಾತ್ರ ಬಂದಿರಲಿಲ್ಲ. ಕಾಕಾ ಬಗ್ಗಿ ಕೊರಳಿನ ಹಗ್ಗ ಬಿಚ್ಚಿದ. ಗೋದಿ ಅಲ್ಲೇ ನಿಂತಿತು, ನೀಲಾಂಬಿಕೆಯ ಎಡಗಾಲಿಗೆ ಭುಜ ಒತ್ತಿಕೊಂಡು, ಅಪ್ಪಣೆ ಕಾಯುತ್ತ.

"ಹೋಗವ್ವಾ" ಎಂದ ಕಾಕಾ. "ನಿನಗ ಇನ್ನ ಯಾರೂ ಏನೂ ಹೇಳೂದಿಲ್ಲ."

ಒಂದು ಕ್ಷಣ ಏನೂ ಆಗಲಿಲ್ಲ. ನೀರಿನ ಕಡೆಯಿಂದ ಬೆಳ್ಳಕ್ಕಿಗಳ ಹಿಂಡು ಪಟಪಟನೆ ಎದ್ದಿತು. ಕಾಲಿನ ಹತ್ತಿರದ ಭಾರ ಇದ್ದಕ್ಕಿದ್ದಂತೆ ಇಲ್ಲವಾಯಿತು. ಕೆಸರು ಚಿಮ್ಮಿ ಅವಳ ಮುಖಕ್ಕೆ ಬಿತ್ತು. ಆಮೇಲೆ ದಂಡೆಯ ಮೇಲಿನಿಂದ ಒಂದು ನಾಯಿ ಬೊಗಳಿತು. ಒಡಕು ದನಿ, ಬಳಸಿ ರೂಢಿಯಿಲ್ಲದ್ದು.

"ಯಾರ ನಾಯಿ ಕಾಕಾ ಅದು?"

ಕಾಕಾ ಬಿಚ್ಚಿದ ಹಗ್ಗವನ್ನು ಕೈಗೆ ಸುತ್ತಿಕೊಂಡ. "ನಮ್ದs ನೀಲವ್ವ."

ನಾಲ್ಕು ವರ್ಷದಲ್ಲಿ ಒಮ್ಮೆಯೂ ಕೇಳದ ಆ ದನಿ ಎಡದಿಂದ ಬಲಕ್ಕೆ, ಬಲದಿಂದ ಇನ್ನೂ ದೂರಕ್ಕೆ, ಹಕ್ಕಿಗಳ ಹಿಂದೆ ಓಡುತ್ತಿತ್ತು. ಕರೆದರೆ ಬರುತ್ತಿತ್ತು. ನೀಲಾಂಬಿಕೆ ಕರೆಯಲಿಲ್ಲ. ದನಿ ಹೋದತ್ತ ಮುಖ ತಿರುಗಿಸುತ್ತ, ನಗುತ್ತ, ಕೆಸರಿನಲ್ಲಿ ನಿಂತಿದ್ದಳು.